ಏರ್‌ಪೋರ್ಟ್ ಪೊಲೀಸರು ಮತ್ತು ಪ್ಲೇನ್ ಸ್ಪಾಟರ್‌ಗಳು: ಕಾರ್ಡ್ ಕೊಟ್ಟರೆ ಸಾಕಾ?

ಏರ್‌ಪೋರ್ಟ್ ಬೇಲಿಯ ಹೊರಗೆ ಒಬ್ಬ ನಿಂತಿದ್ದಾನೆ ಅಂದುಕೊಳ್ಳಿ. ಚಿಕ್ಕದೊಂದು ಏಣಿ ಹತ್ತಿದ್ದಾನೆ. ಕೈಯಲ್ಲಿ ಮೊಳದುದ್ದದ ಲೆನ್ಸ್, ಕಿವಿಯಲ್ಲಿ ರೇಡಿಯೊ ವೈರು, ಜೇಬಿನಲ್ಲಿ ನೋಟ್‌ಬುಕ್. ಬರುವ ಹೋಗುವ ಪ್ರತಿ ವಿಮಾನದ ನಂಬರ್ ಬರೆದುಕೊಳ್ಳುತ್ತಾನೆ. ಗಂಟೆಗಟ್ಟಲೆ ಅಲ್ಲೇ ಇರುತ್ತಾನೆ, ನಾಳೆ ಮತ್ತೆ ಬರುತ್ತಾನೆ. ದಾಳಿಗೆ ಮುಂಚೆ ಜಾಗ ನೋಡಿಕೊಂಡು ಹೋಗಲು ಬರುವವರ ಲಕ್ಷಣ ಏನು ಎಂದು ಪೊಲೀಸರಿಗೆ ತರಬೇತಿಯಲ್ಲಿ ಹೇಳಿಕೊಡುತ್ತಾರಲ್ಲ, ಆ ಪಟ್ಟಿ ಹಿಡಿದು ನೋಡಿದರೆ ಇವನ ಹೆಸರಿನ ಮುಂದೆ ಹೆಚ್ಚೂಕಡಿಮೆ ಎಲ್ಲ ಕಡೆ ಟಿಕ್ ಬೀಳುತ್ತದೆ. ಆದರೆ ಇವನು ಪ್ಲೇನ್ ಸ್ಪಾಟರ್. ವಿಮಾನ ನೋಡುವುದು, ಫೋಟೋ ತೆಗೆಯುವುದು, ಯಾವುದು ಯಾವಾಗ ಬಂತು ಎಂದು ಲೆಕ್ಕ ಇಡುವುದು ಇವನ ಹುಚ್ಚು. ಅಷ್ಟೇ.

ತಮಾಷೆ ಏನೆಂದರೆ, ನೋಡಿದ ಕೂಡಲೇ ಅನುಮಾನ ಹುಟ್ಟಿಸುವ ಇದೇ ಜನ ಬೇಲಿಯ ಹೊರಗೆ ಪೊಲೀಸರಿಗೆ ಸಿಗಬಹುದಾದ ಒಳ್ಳೆಯ ಕಣ್ಣು ಕೂಡ ಹೌದು. ಕೆಲವು ಕಡೆಯ ಪೊಲೀಸರಿಗೆ ಇದು ಹೊಳೆದಿದೆ. ಕೆನಡಾದ ಒಟ್ಟಾವಾ, ಅಮೆರಿಕದ ಶಿಕಾಗೊ ಮತ್ತು ಮಯಾಮಿ, ಆಸ್ಟ್ರೇಲಿಯಾದ ದೊಡ್ಡ ಏರ್‌ಪೋರ್ಟ್‌ಗಳು, ಇಲ್ಲೆಲ್ಲ 'ಏರ್‌ಪೋರ್ಟ್ ವಾಚ್' ಎಂಬ ಹೆಸರಿನಲ್ಲಿ ಸ್ಪಾಟರ್‌ಗಳನ್ನು ಜೊತೆಗೆ ಸೇರಿಸಿಕೊಳ್ಳುವ ಏರ್ಪಾಡು ಬಂದಿದೆ. ಬೇರೆ ಎಷ್ಟೋ ಕಡೆ ಇನ್ನೂ ಕ್ಯಾಮೆರಾ ಕಿತ್ತುಕೊಳ್ಳುವ ಹಂತದಲ್ಲೇ ಇದ್ದಾರೆ. ಈ ಸಹಕಾರ ಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಇದನ್ನು ಬರೀ ಸ್ಪಾಟರ್‌ಗಳಿಗೆ ಐಡಿ ಕಾರ್ಡ್ ಕೊಟ್ಟು ಮುಗಿಸುವ ವ್ಯವಹಾರ ಮಾಡಿಬಿಟ್ಟರೆ ಇಬ್ಬರಿಗೂ ನಷ್ಟ. ಯಾಕೆಂದರೆ ಇಲ್ಲಿ ಕೆಲಸ ಮಾಡುವುದು ಕಾರ್ಡ್ ಅಲ್ಲ, ಪರಿಚಯ.

ಪರಿಚಯ ಇಲ್ಲದಿದ್ದರೆ ಏನಾಗುತ್ತದೆ? 2001ರ ನವೆಂಬರ್. ನ್ಯೂಯಾರ್ಕ್ ದಾಳಿ ನಡೆದು ಎರಡು ತಿಂಗಳೂ ಆಗಿರಲಿಲ್ಲ. ಗ್ರೀಸ್‌ನ ಕಲಮಾಟಾ ವಾಯುನೆಲೆಯಲ್ಲಿ ಜನರಿಗೆಂದೇ ಬಾಗಿಲು ತೆರೆದಿದ್ದ ದಿನ ವಿಮಾನ ನೋಡಲು ಹೋಗಿದ್ದ 12 ಬ್ರಿಟಿಷರು ಮತ್ತು 2 ಡಚ್ಚರನ್ನು ಬೇಹುಗಾರಿಕೆ ಆರೋಪದ ಮೇಲೆ ಹಿಡಿದು ಒಳಗೆ ಹಾಕಿದರು. ಹಲವು ವಾರ ಜೈಲು. 2002ರ ಏಪ್ರಿಲ್‌ನಲ್ಲಿ 8 ಮಂದಿಗೆ ಮೂರು ವರ್ಷ ಶಿಕ್ಷೆ, ಉಳಿದ 6 ಮಂದಿಗೆ ಒಂದು ವರ್ಷದ ಅಮಾನತು ಶಿಕ್ಷೆ, ಅಂದರೆ ಸದ್ಯಕ್ಕೆ ಜೈಲಿಗೆ ಹೋಗಬೇಕಾಗಿಲ್ಲದ ಶಿಕ್ಷೆ. ಅದೇ ವರ್ಷ ನವೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಎಲ್ಲರನ್ನೂ ಬಿಡುಗಡೆ ಮಾಡಿತು. ಸುಮ್ನೆ ಖುಷಿಗೆ ಯಾರಾದರೂ ವಿಮಾನದ ನಂಬರ್ ಬರೆದುಕೊಳ್ಳುತ್ತಾರಾ ಎಂಬ ಪ್ರಶ್ನೆಗೆ ಹೌದು ಎಂದು ಒಪ್ಪಿಸಲು ಒಂದು ವರ್ಷ ಹಿಡಿಯಿತು! 2010ರಲ್ಲಿ ದೆಹಲಿ ಏರ್‌ಪೋರ್ಟ್ ಹತ್ತಿರದ ಹೋಟೆಲಿನಲ್ಲಿ ದೂರದರ್ಶಕ, ರೇಡಿಯೊ ಇಟ್ಟುಕೊಂಡು ಕೂತಿದ್ದ ಇಬ್ಬರು ಬ್ರಿಟಿಷರ ಕಥೆಯೂ ಇದೇ ದಾರಿ ಹಿಡಿದು ಕೊನೆಗೆ ದಂಡದಲ್ಲಿ ಮುಗಿಯಿತು. 2015ರಲ್ಲಿ ಯುಎಇಯ ಫುಜೈರಾದಲ್ಲಿ ಮೂವರು ಬ್ರಿಟಿಷರು ಎರಡು ತಿಂಗಳ ಹತ್ತಿರ ಜೈಲಿನಲ್ಲಿದ್ದು ಹೊರಬಂದರು.

ಈ ಮೂರರಲ್ಲೂ ಒಂದು ಸಮಾನ ಅಂಶ ಇದೆ, ಗಮನಿಸಿ. ಮೂರೂ ಕಡೆ ಸಿಕ್ಕಿಬಿದ್ದವರು ಹೊರಗಿನಿಂದ ಬಂದವರು. 'ಇವರು ಇಂಥವರು, ಈ ಹುಚ್ಚು ಹೀಗಿರುತ್ತದೆ' ಎಂದು ಪೊಲೀಸರಿಗೆ ಹೇಳುವ ಸ್ಥಳೀಯರು ಯಾರೂ ಇರಲಿಲ್ಲ. ಕಲಮಾಟಾದಲ್ಲಂತೂ ಜಾಗವೇ ಸೇನೆಯದು. ಸೇನೆಯ ನೆಲೆಯ ನಿಯಮ ಬೇರೆ, ನಾಗರಿಕ ಏರ್‌ಪೋರ್ಟ್‌ನ ನಿಯಮ ಬೇರೆ. ಆದರೆ ಎಷ್ಟೋ ಊರುಗಳಲ್ಲಿ ಒಂದೇ ರನ್‌ವೇಯನ್ನು ಇಬ್ಬರೂ ಬಳಸುತ್ತಾರೆ. ಅಲ್ಲಿ ಪ್ರಯಾಣಿಕರ ವಿಮಾನದ ಫೋಟೋದ ಹಿಂದೆ ಯುದ್ಧವಿಮಾನವೊಂದು ಬಂದುಬಿಟ್ಟರೆ ಮುಗೀತು ಕಥೆ.

ಇನ್ನೂ ಸ್ವಲ್ಪ ಹಿಂದಕ್ಕೆ ಹೋದರೆ ಚಿತ್ರ ಪೂರ್ತಿ ತಲೆಕೆಳಗು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಸರ್ಕಾರವೇ ಸಾಮಾನ್ಯ ಜನರಿಗೆ ವಿಮಾನ ಗುರುತಿಸುವುದನ್ನು ಕಲಿಸಿತ್ತು. ಅಬ್ಸರ್ವರ್ ಕೋರ್ ಎಂಬ ಸ್ವಯಂಸೇವಕರ ಪಡೆ ಬರಿಗಣ್ಣು, ಬೈನಾಕ್ಯುಲರ್‌ಗಳಲ್ಲಿ ಆಕಾಶ ನೋಡುತ್ತಾ ಯಾವ ವಿಮಾನ, ಎಷ್ಟು, ಯಾವ ಕಡೆ ಎಂದು ಫೋನ್ ಮಾಡುತ್ತಿತ್ತು. ಆಗಿನ ರೇಡಾರ್ ಸಮುದ್ರದ ಕಡೆ ಮುಖ ಮಾಡಿತ್ತು. ಕರಾವಳಿ ದಾಟಿ ಒಳಗೆ ಬಂದ ವಿಮಾನದ ಲೆಕ್ಕ ಇಡಲು ಈ ಜನರೇ ಗತಿ. 1941ರಲ್ಲಿ ಆ ಪಡೆಗೆ 'ರಾಯಲ್' ಎಂಬ ಗೌರವವೂ ಸಿಕ್ಕಿತು. 1944ರಲ್ಲಿ ನಾರ್ಮಂಡಿಗೆ ಹೊರಟ ಹಡಗುಗಳ ಮೇಲೆ ಇದೇ ಸ್ವಯಂಸೇವಕರು ನಿಂತಿದ್ದರು. ಗಾಬರಿಯಲ್ಲಿ ತಮ್ಮ ಕಡೆಯ ಗನ್ನುಗಳು ತಮ್ಮದೇ ವಿಮಾನವನ್ನು ಹೊಡೆಯದಂತೆ ನೋಡಿಕೊಳ್ಳುವುದು ಅವರ ಕೆಲಸ. ಅಮೆರಿಕವೂ 1950ರ ದಶಕದಲ್ಲಿ ಗ್ರೌಂಡ್ ಅಬ್ಸರ್ವರ್ ಕೋರ್ ಎಂದು ಇಂಥದ್ದೇ ಒಂದನ್ನು ನಡೆಸಿತ್ತು. ಅಂದರೆ ಜನರ ಕಣ್ಣನ್ನು ರಕ್ಷಣೆಗೆ ಬಳಸುವುದು ಪೊಲೀಸರ ಹೊಸ ಐಡಿಯಾ ಏನಲ್ಲ.

ಹಾಗಾದರೆ ಏರ್‌ಪೋರ್ಟ್ ಪೊಲೀಸರಿಗೆ ಈ ಕಣ್ಣು ಯಾಕೆ ಬೇಕಾಯಿತು? ಟರ್ಮಿನಲ್ ಒಳಗೆ ಅವರಿಗೆ ಕ್ಯಾಮೆರಾ ಇದೆ, ಸ್ಕ್ಯಾನರ್ ಇದೆ, ನಾಯಿ ಇದೆ. ಸಮಸ್ಯೆ ಇರುವುದು ಹೊರಗೆ. 2002ರ ನವೆಂಬರ್‌ನಲ್ಲಿ ಕೀನ್ಯಾದ ಮೊಂಬಾಸಾದಿಂದ ಹೊರಟ ಇಸ್ರೇಲಿನ ಪ್ರಯಾಣಿಕ ವಿಮಾನದ ಮೇಲೆ ಹೆಗಲ ಮೇಲಿಟ್ಟು ಹಾರಿಸುವ ಎರಡು ಕ್ಷಿಪಣಿ ಬಿಟ್ಟರು. ಗುರಿ ತಪ್ಪಿತು, ಎಲ್ಲರೂ ಬದುಕಿದರು. ಕೆಲವೇ ತಿಂಗಳಲ್ಲಿ, 2003ರ ಫೆಬ್ರವರಿಯಲ್ಲಿ, ಲಂಡನ್ನಿನ ಹೀಥ್ರೂ ಸುತ್ತ ಸೇನೆಯನ್ನೇ ಇಳಿಸಬೇಕಾಯಿತು. ಇಂಥ ಕ್ಷಿಪಣಿ ಹಾರಿಸಲು ಬೇಲಿ ದಾಟಬೇಕಾಗಿಲ್ಲ. ಕೆಲವು ಕಿಲೋಮೀಟರ್ ದೂರದ ಹೊಲ, ಪಾರ್ಕಿಂಗ್ ಜಾಗ, ಮಣ್ಣಿನ ರಸ್ತೆ, ಎಲ್ಲಿಂದಲಾದರೂ ಆಗುತ್ತದೆ. ಅಷ್ಟು ಜಾಗವನ್ನು ದಿನದ 24 ಗಂಟೆ ಕಾಯುವಷ್ಟು ಪೊಲೀಸರು ಯಾವ ದೇಶದಲ್ಲೂ ಇಲ್ಲ. ಆದರೆ ಆ ಹೊಲ, ಆ ಮಣ್ಣಿನ ರಸ್ತೆಯಲ್ಲಿ ಸ್ಪಾಟರ್‌ಗಳು ಮೊದಲೇ ಬಂದು ನಿಂತಿರುತ್ತಾರೆ. ಸಂಬಳ ಕೇಳದೆ, ಮಳೆ ಚಳಿ ಎನ್ನದೆ!

ಬೇಲಿಯೂ ಬಹಳ ಸಲ ಹೆಸರಿಗಷ್ಟೇ. 2013ರ ಫೆಬ್ರವರಿಯಲ್ಲಿ ಬ್ರಸೆಲ್ಸ್‌ನಲ್ಲಿ ಎಂಟು ಮಂದಿ ಬೇಲಿ ಕತ್ತರಿಸಿ, ಪೊಲೀಸ್ ವಾಹನದಂತೆ ಕಾಣುವ ಗಾಡಿಗಳಲ್ಲಿ ನೇರ ವಿಮಾನದ ಹತ್ತಿರ ಹೋಗಿ, ಸುಮಾರು 5 ಕೋಟಿ ಡಾಲರ್ ಬೆಲೆಯ ವಜ್ರ ಎತ್ತಿಕೊಂಡು ಬಂದ ದಾರಿಯಲ್ಲೇ ವಾಪಸ್ ಹೋದರು. ಒಳಗೆ ಕೂತಿದ್ದ ಪ್ರಯಾಣಿಕರಿಗೆ ಏನಾಯಿತೆಂದು ಗೊತ್ತೇ ಆಗಲಿಲ್ಲ. 2023ರ ನವೆಂಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಒಬ್ಬ ತನ್ನ ಪುಟ್ಟ ಮಗಳನ್ನು ಕೂರಿಸಿಕೊಂಡು ಬಂದೂಕು ಸಮೇತ ಕಾರನ್ನು ಗೇಟಿಗೆ ಗುದ್ದಿ ಒಳಗೆ ನುಗ್ಗಿದ. ಸುಮಾರು 18 ಗಂಟೆ ಏರ್‌ಪೋರ್ಟ್ ಬಂದ್. 2024ರಲ್ಲಿ ಬ್ರಿಟನ್ನಿನ ಸ್ಟ್ಯಾನ್‌ಸ್ಟೆಡ್‌ನಲ್ಲಿ ಹವಾಮಾನ ಹೋರಾಟಗಾರರು ಬೇಲಿ ಕತ್ತರಿಸಿ ಒಳಗೆ ಹೋಗಿ ಖಾಸಗಿ ಜೆಟ್‌ಗಳಿಗೆ ಬಣ್ಣ ಎರಚಿದರು. ಈ ಜಾಗಗಳಲ್ಲೆಲ್ಲ ಸ್ಪಾಟರ್ ಇದ್ದಿದ್ದರೆ ತಡೆಯುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಹ್ಯಾಂಬರ್ಗ್‌ನಂಥದ್ದನ್ನು ಯಾವ ಸ್ಪಾಟರ್ ತಡೆದಾನು? ಆದರೆ ಯೋಜನೆ ಹಾಕಿ ಮಾಡುವ ಕೆಲಸಕ್ಕೆ ಮುಂಚೆ ಯಾರಾದರೂ ಬಂದು ನೋಡಿಕೊಂಡು ಹೋಗಲೇಬೇಕಲ್ಲ. ಅದು ಸ್ಪಾಟರ್ ಕಣ್ಣಿಗೆ ಬೀಳುವ ಸಾಧ್ಯತೆ ಗಸ್ತಿನ ಕಣ್ಣಿಗೆ ಬೀಳುವುದಕ್ಕಿಂತ ಜಾಸ್ತಿ.

ಯಾಕೆ ಜಾಸ್ತಿ? ವಿಷಯದ ತಿರುಳು ಇರುವುದು ಇಲ್ಲಿ. ಗಸ್ತು ವಾಹನ ಒಂದು ಜಾಗವನ್ನು ಹಾದುಹೋಗುವಾಗ ಕೆಲವು ಸೆಕೆಂಡು ನೋಡುತ್ತದೆ. ಸ್ಪಾಟರ್ ಅದೇ ಜಾಗವನ್ನು ವರ್ಷಗಟ್ಟಲೆ ನೋಡಿರುತ್ತಾನೆ. ಬೀದಿಯಲ್ಲಿ ದಿನಾ ಬಾಗಿಲಲ್ಲಿ ಕೂರುವ ಅಜ್ಜಿಗೆ ಯಾರ ಮನೆಗೆ ಯಾರು ಬಂದರು ಎಂದು ಹೇಗೆ ಗೊತ್ತಿರುತ್ತದೋ ಹಾಗೆ. ಯಾವ ಗೇಟಿಗೆ ಯಾವ ಹೊತ್ತಿಗೆ ಲಾರಿ ಬರುತ್ತದೆ, ಹುಲ್ಲು ಕತ್ತರಿಸುವವರ ಗಾಡಿಯ ಬಣ್ಣ ಯಾವುದು, ಹಕ್ಕಿ ಓಡಿಸುವವರು ಎಲ್ಲಿ ನಿಲ್ಲುತ್ತಾರೆ, ರಾತ್ರಿ ಸರಕು ವಿಮಾನ ಎಷ್ಟಕ್ಕೆ, ಇದೆಲ್ಲ ಅವನ ತಲೆಯಲ್ಲಿ ಕೂತಿರುತ್ತದೆ, ಅವನು ಅದನ್ನು ಕಲಿಯಬೇಕೆಂದು ಕಲಿತದ್ದೂ ಅಲ್ಲ. ಹಾಗಾಗಿ ನೆನ್ನೆ ಇಲ್ಲದ ತೂತು ಬೇಲಿಯಲ್ಲಿ ಇವತ್ತು ಕಂಡರೆ, ತೆರೆಯದ ಗೇಟು ತೆರೆದಿದ್ದರೆ, ರನ್‌ವೇ ತುದಿಯಲ್ಲಿ ಡ್ರೋನ್ ಹಾರಿದರೆ ಅವನಿಗೆ ತಟ್ಟನೆ ಗೊತ್ತಾಗುತ್ತದೆ. ಪೊಲೀಸರು ಕೊಡಬಹುದಾದ ಯಾವ ತರಬೇತಿಯೂ ಇದಕ್ಕೆ ಸಮ ಅಲ್ಲ.

ಇನ್ನೊಂದು ಇದೆ. ಸ್ಪಾಟರ್ ವೇಷ ಹಾಕುವುದು ಸುಲಭ. ಕ್ಯಾಮೆರಾ ಒಂದಿದ್ದರೆ ಸಾಕು. ಪೊಲೀಸರ ಹತ್ತಿರ ಆ ವೇಷ ನಡೆಯುತ್ತದೆ, ನಿಜವಾದ ಸ್ಪಾಟರ್‌ಗಳ ಹತ್ತಿರ ಐದು ನಿಮಿಷವೂ ನಡೆಯುವುದಿಲ್ಲ. ಸ್ಪಾಟರ್‌ನ ಕ್ಯಾಮೆರಾ ವಿಮಾನದ ಹಿಂದೆ ಓಡುತ್ತದೆ. ಜಾಗ ನೋಡಲು ಬಂದವನ ಕ್ಯಾಮೆರಾ ಗೇಟಿನ ಕಡೆ, ಕಾವಲುಗಾರರ ಶಿಫ್ಟ್ ಬದಲಾಗುವ ಕಡೆ, ಕಂಬದ ಮೇಲಿನ ಸಿಸಿಟಿವಿ ಕಡೆ ಇರುತ್ತದೆ. ಅಪರೂಪದ ಹಳೆಯ ಸರಕು ವಿಮಾನವೊಂದು ಇಳಿಯುತ್ತಿದ್ದರೂ ತಿರುಗಿ ನೋಡದವನು ಇನ್ನೇನೋ ನೋಡಲು ಬಂದಿದ್ದಾನೆ ಎಂದೇ ಅರ್ಥ. 'ಇವತ್ತು ಏನೇನು ಸಿಕ್ಕಿತು' ಎಂದು ಸುಮ್ನೆ ಮಾತಿಗೆಳೆದರೆ ಗೊತ್ತಾಗಿಬಿಡುತ್ತದೆ. ನಿಜವಾದ ಸ್ಪಾಟರ್ ಆಗಿದ್ದರೆ ಮಾತು ನಿಲ್ಲಿಸುವುದೇ ಕಷ್ಟ.

ಬ್ರಿಟನ್ನಿನಲ್ಲಿ ಸಿಟಿ ಆಫ್ ಲಂಡನ್ ಪೊಲೀಸರು 2014ರಲ್ಲಿ ಪ್ರಾಜೆಕ್ಟ್ ಸರ್ವೇಟರ್ ಎಂಬುದನ್ನು ಶುರು ಮಾಡಿದರು. ಯಾವಾಗ ಎಲ್ಲಿ ಬರುತ್ತಾರೆಂದು ಗೊತ್ತಾಗದ ಹಾಗೆ ಗಸ್ತು ಬರುವುದು, ಬಂದಾಗ ಅಲ್ಲಿರುವ ಜನರ ಜೊತೆ ಮಾತಾಡುವುದು, ಏನಾದರೂ ಸರಿ ಇಲ್ಲ ಅನಿಸಿದರೆ ಹೇಳಿ ಎನ್ನುವುದು. ಕೆಟ್ಟ ಉದ್ದೇಶದಿಂದ ಬಂದವನಿಗೆ ಪೊಲೀಸರು ಬಂದು ನಗುತ್ತಾ ಮಾತಾಡಿಸುವುದೇ ಭಯ. ಸ್ಪಾಟರ್‌ಗಳ ಜೊತೆಗಿನ ಸಹಕಾರದ ಒಳ್ಳೆಯ ರೂಪವೂ ಇದೇ ಅಂತ ನನಗನಿಸುತ್ತದೆ. ಬಂದು ನಿಲ್ಲಿ, ಮಾತಾಡಿ, ಹೆಸರು ತಿಳಿದುಕೊಳ್ಳಿ, ನಂಬರ್ ಕೊಟ್ಟು ಹೋಗಿ.

ಈಗ ಕಾರ್ಡಿನ ವಿಚಾರ. ಶಿಕಾಗೊದ ಓಹೇರ್ ಏರ್‌ಪೋರ್ಟ್ ಸುತ್ತಲಿನ ಏರ್‌ಪೋರ್ಟ್ ವಾಚ್‌ನಲ್ಲಿ ಸದಸ್ಯರ ಹಿನ್ನೆಲೆ ಪರಿಶೀಲಿಸಿ ಗುರುತಿನ ಕಾರ್ಡ್ ಕೊಡುತ್ತಾರೆ. ಅನುಕೂಲ ಇದೆ. ಹೊಸ ಪೊಲೀಸ್ ಬಂದು ಪ್ರಶ್ನೆ ಕೇಳಿದರೆ ಕಾರ್ಡ್ ತೋರಿಸಿ ಎರಡು ನಿಮಿಷದಲ್ಲಿ ಮುಗಿಸಬಹುದು. ಬೇಲಿ ಪಕ್ಕ ಯಾರೋ ಇದ್ದಾರೆ ಎಂದು ದಾರಿಹೋಕರು ಫೋನ್ ಮಾಡಿದಾಗ ಪೊಲೀಸರಿಗೂ ತಲೆನೋವು ಕಮ್ಮಿ. ಇಷ್ಟರವರೆಗೆ ಸರಿ.

ಎಡವಟ್ಟು ಶುರುವಾಗುವುದು ಕಾರ್ಡ್ ಇಲ್ಲದವನ ವಿಷಯದಲ್ಲಿ. ಅಮೆರಿಕ, ಬ್ರಿಟನ್‌ಗಳಲ್ಲಿ ಸಾರ್ವಜನಿಕ ಜಾಗದಲ್ಲಿ ನಿಂತು ಫೋಟೋ ತೆಗೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರ ಸೂಚನೆಯಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಪ್ಪಣೆ ಬೇಡದ ಕೆಲಸಕ್ಕೆ ಕಾರ್ಡ್ ಕೊಟ್ಟ ದಿನದಿಂದ 'ನಿನ್ನ ಕಾರ್ಡ್ ಎಲ್ಲಿ?' ಎಂಬ ಪ್ರಶ್ನೆ ಹುಟ್ಟುತ್ತದೆ. ಸ್ವಂತ ಇಷ್ಟದಿಂದ ಸೇರುವ ಯೋಜನೆ ನಿಧಾನಕ್ಕೆ ಲೈಸೆನ್ಸ್ ಆಗಿಬಿಡುತ್ತದೆ, ಯಾವ ಕಾನೂನೂ ಬದಲಾಗದೆ. ಬ್ರಿಟನ್ನಿನಲ್ಲಿ ಭಯೋತ್ಪಾದನೆ ಕಾಯ್ದೆಯ 44ನೇ ಸೆಕ್ಷನ್ ಕೈಯಲ್ಲಿದ್ದಾಗ ಕಾರಣ ಹೇಳದೆಯೇ ಜನರನ್ನು ನಿಲ್ಲಿಸಿ ತಪಾಸಣೆ ಮಾಡಬಹುದಿತ್ತು. ಫೋಟೋಗ್ರಾಫರ್‌ಗಳಿಗೆ ಅದರ ಬಿಸಿ ಚೆನ್ನಾಗಿಯೇ ತಟ್ಟಿತು. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದು ತಪ್ಪು ಎಂದ ಮೇಲೆ ಆ ಅಧಿಕಾರ ಹೋಯಿತು. ಕಾನೂನು ಕಿತ್ತುಕೊಂಡದ್ದನ್ನು ಕಾರ್ಡ್ ಹಿಂಬಾಗಿಲಿಂದ ವಾಪಸ್ ತರಬಾರದು.

ಅದಕ್ಕಿಂತ ದೊಡ್ಡ ತಲೆನೋವು, ಯಾರ ಬಗ್ಗೆ ಫೋನ್ ಹೋಗುತ್ತದೆ ಎಂಬುದು. 'ಅನುಮಾನ ಬಂದವರ ಬಗ್ಗೆ ತಿಳಿಸಿ' ಎಂದು ಹೇಳಿಬಿಟ್ಟರೆ, ಹಳೆಯ ಸ್ಪಾಟರ್‌ಗಳ ಗುಂಪಿಗೆ ಅನುಮಾನ ಬರುವುದು ತಮ್ಮಂತೆ ಕಾಣದವರ ಮೇಲೆ. ಬೇರೆ ಮೈಬಣ್ಣ, ಬೇರೆ ಭಾಷೆ, ಬೇರೆ ಬಟ್ಟೆ. ಅವನು ಮೊದಲ ಸಲ ಬಂದ ಹೊಸ ಸ್ಪಾಟರ್ ಆಗಿರಬಹುದು. ಈ ಹವ್ಯಾಸಕ್ಕೆ ಬರುವ ಪ್ರತಿಯೊಬ್ಬನೂ ಒಂದು ದಿನ ಹೊಸಬನೇ ಆಗಿದ್ದ ಅಲ್ವಾ? ಅದಕ್ಕೇ ಸಹಕಾರದ ಮೊದಲ ನಿಯಮ ಹೀಗಿರಬೇಕು: ವ್ಯಕ್ತಿ ಹೇಗಿದ್ದಾನೆ ಎಂದಲ್ಲ, ಏನು ಮಾಡುತ್ತಿದ್ದಾನೆ ಎಂದು ಹೇಳಿ. 'ಗಡ್ಡದವನೊಬ್ಬ ನಿಂತಿದ್ದಾನೆ' ಎನ್ನುವ ಫೋನ್ ಯಾರಿಗೂ ಉಪಯೋಗವಿಲ್ಲ. 'ಬಿಳಿ ವ್ಯಾನಿನಲ್ಲಿ ಬಂದು ಮೂರನೇ ಗೇಟಿನ ಬೀಗದ ಫೋಟೋ ತೆಗೆದು ಹೋದ, ಇಷ್ಟು ಹೊತ್ತಿಗೆ' ಎನ್ನುವುದು ಮಾಹಿತಿ. ನಂಬರ್ ಬರೆದುಕೊಳ್ಳುವುದು ಸ್ಪಾಟರ್‌ಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ವ್ಯಾನಿನ ನಂಬರೂ ಬರೆದಿರುತ್ತಾರೆ.

ತಪ್ಪು ಅನುಮಾನ ಎಲ್ಲಿಗೆ ಹೋಗಬಹುದು ಎನ್ನುವುದಕ್ಕೆ ಲಂಡನ್ ಹತ್ತಿರದ ಗ್ಯಾಟ್‌ವಿಕ್ ಏರ್‌ಪೋರ್ಟ್‌ನ ಕಥೆ ಇದೆ. 2018ರ ಡಿಸೆಂಬರ್‌ನಲ್ಲಿ ಡ್ರೋನ್ ಕಂಡಿತು ಎಂದು ಸುಮಾರು 1,000 ವಿಮಾನಗಳ ಹಾರಾಟ ಏರುಪೇರಾಯಿತು. ಪೊಲೀಸರು ಹತ್ತಿರದಲ್ಲೇ ವಾಸವಿದ್ದ ಗಂಡ ಹೆಂಡತಿಯನ್ನು ಹಿಡಿದರು. ಗಂಡನಿಗೆ ಮಾದರಿ ವಿಮಾನ ಹಾರಿಸುವ ಹವ್ಯಾಸ ಇತ್ತು. ಡ್ರೋನಿಗೂ ಅವರಿಗೂ ಸಂಬಂಧವೇ ಇರಲಿಲ್ಲ. ಅಷ್ಟು ಹೊತ್ತಿಗೆ ಅವರ ಹೆಸರು, ಫೋಟೋ ಪತ್ರಿಕೆಗಳ ಮುಖಪುಟದಲ್ಲಿ. 2020ರಲ್ಲಿ ಪೊಲೀಸರು ಪರಿಹಾರ ಮತ್ತು ಕೋರ್ಟ್ ಖರ್ಚು ಸೇರಿ ಸುಮಾರು 2 ಲಕ್ಷ ಪೌಂಡ್ ಕೊಟ್ಟರು. ಹವ್ಯಾಸವನ್ನೇ ಸಾಕ್ಷಿ ಎಂದುಕೊಂಡರೆ ಹೀಗಾಗುತ್ತದೆ.

ಪಾರ್ಕಿಂಗ್, ಏಣಿ, ಕಸ, ಇವುಗಳ ಬಗ್ಗೆಯೂ ಹೇಳಬೇಕು. ದಿನನಿತ್ಯದ ಜಗಳದಲ್ಲಿ ಭಯೋತ್ಪಾದನೆ ಎಲ್ಲೂ ಇರುವುದಿಲ್ಲ, ಇರುವುದು ಇವೇ. ತುರ್ತು ಗೇಟಿನ ಮುಂದೆ ಕಾರು ನಿಲ್ಲಿಸುವುದು, ಯಾರದೋ ಹೊಲಕ್ಕೆ ಇಳಿಯುವುದು. ಏಣಿಯನ್ನು ಬೇಲಿಗೆ ಒರಗಿಸಿ ಬಿಟ್ಟು ಹೋದರಂತೂ ಒಳಗೆ ನುಗ್ಗುವವನಿಗೆ ಉಡುಗೊರೆ ಕೊಟ್ಟ ಹಾಗೆ, ಪೊಲೀಸರಿಗೆ ಸಿಟ್ಟು ಬರುವುದು ನ್ಯಾಯವೇ. ಸಿಸಿಟಿವಿಯಲ್ಲಿ ಬೇಲಿ ಪಕ್ಕ ಏಣಿ ಹತ್ತುವವನು ಹೇಗೆ ಕಾಣುತ್ತಾನೆ ಎಂದು ಸ್ಪಾಟರ್‌ಗಳೂ ಒಂದು ಸಲ ಯೋಚಿಸಬೇಕು. ಅದಕ್ಕೇ ಕೆಲವು ಏರ್‌ಪೋರ್ಟ್‌ಗಳು ಎತ್ತರದ ದಿಬ್ಬ ಕಟ್ಟಿ ನೋಡುವ ಜಾಗ ಮಾಡಿಕೊಟ್ಟಿವೆ. ಮ್ಯಾಂಚೆಸ್ಟರ್‌ನಲ್ಲಿ ರನ್‌ವೇ ಪಕ್ಕದಲ್ಲೇ ವಿಸಿಟರ್ ಪಾರ್ಕ್ ಇದೆ, ಹಳೆಯ ಕಾಂಕಾರ್ಡ್ ವಿಮಾನವೂ ಅಲ್ಲೇ ಇದೆ. ಟೋಕಿಯೊದ ಹನೇಡಾದಲ್ಲಿ ಟರ್ಮಿನಲ್ ಮೇಲೆಯೇ ನೋಡುವ ಡೆಕ್‌ಗಳಿವೆ.

ಇಂಥ ಜಾಗಗಳು ಒಳ್ಳೆಯವು, ಆದರೆ ಒಂದು ಲೆಕ್ಕ ತಪ್ಪುತ್ತದೆ. ಎಲ್ಲರನ್ನೂ ಒಂದೇ ಪಾರ್ಕಿನೊಳಗೆ ಸೇರಿಸಿ 'ಇಲ್ಲಿ ಮಾತ್ರ ನಿಲ್ಲಿ' ಎಂದರೆ ಬೇಲಿಯ ಉಳಿದ ಉದ್ದಕ್ಕೂ ಇದ್ದ ಕಣ್ಣುಗಳು ಖಾಲಿಯಾಗುತ್ತವೆ. ಪೊಲೀಸರಿಗೆ ಶಾಂತಿ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ. ದಿಬ್ಬವೂ ಇರಲಿ, ಹಳೆಯ ಮಣ್ಣಿನ ರಸ್ತೆಯಲ್ಲಿ ನಿಲ್ಲುವವರನ್ನು ಓಡಿಸುವುದೂ ಬೇಡ.

ಸ್ಪಾಟರ್‌ಗಳು ಪೂರ್ತಿ ಪೊಲೀಸರ ಕಡೆಯವರಾಗಿಬಿಡಬಾರದು ಎನ್ನುವುದಕ್ಕೂ ಕಾರಣ ಇದೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಭಯೋತ್ಪಾದನೆಯ ಶಂಕಿತರನ್ನು ಗುಟ್ಟಾಗಿ ದೇಶದಿಂದ ದೇಶಕ್ಕೆ ಸಾಗಿಸುತ್ತಿದ್ದ ವಿಮಾನಗಳ ಕಥೆ ಹೊರಬರಲು ಒಂದು ದೊಡ್ಡ ಸುಳಿವು ಸ್ಪಾಟರ್‌ಗಳ ಫೋಟೋ ಮತ್ತು ಲೆಕ್ಕದ ಪುಸ್ತಕ. ಎನ್379ಪಿ ನಂಬರಿನ ಗಲ್ಫ್‌ಸ್ಟ್ರೀಮ್ ಜೆಟ್, ಎನ್313ಪಿ ನಂಬರಿನ ಬೋಯಿಂಗ್ 737, ಇವು ಯಾವ ಏರ್‌ಪೋರ್ಟ್‌ನಲ್ಲಿ ಯಾವ ದಿನ ಇದ್ದವು ಎಂದು ಸುಮ್ನೆ ಹವ್ಯಾಸಕ್ಕೆ ಬರೆದಿಟ್ಟವರು ಇದ್ದರು. ಪತ್ರಕರ್ತರು ಅವನ್ನು ಜೋಡಿಸಿದರು. 'ಈ ವಿಮಾನದ ಫೋಟೋ ಹಾಕಬೇಡಿ' ಎಂದು ಕಾರ್ಡ್ ಕೊಟ್ಟವರು ಕೇಳಿದರೆ ಕಾರ್ಡ್ ಇಟ್ಟುಕೊಂಡವನು ಏನು ಮಾಡಬೇಕು? ಇದನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಆಮೇಲೆ ಮನಸ್ತಾಪ ಖಂಡಿತ. ನನ್ನ ಮಟ್ಟಿಗೆ ಗೆರೆ ಇದು: ಬೇಲಿಯ ತೂತು, ಬೀಗ, ಕಾವಲಿನ ಹೊತ್ತು, ಇವುಗಳ ಫೋಟೋ ನೆಟ್‌ಗೆ ಹಾಕಬೇಡಿ. ಎಲ್ಲರ ಕಣ್ಣೆದುರು ಬಂದು ನಿಂತ ವಿಮಾನದ ಫೋಟೋ ಹಾಕಲು ಯಾರನ್ನೂ ಕೇಳಬೇಡಿ.

ರೇಡಿಯೊ ವಿಷಯ ಚಿಕ್ಕದಾಗಿ. ಪೈಲಟ್ ಮತ್ತು ಕಂಟ್ರೋಲ್ ಟವರ್ ನಡುವಿನ ಮಾತು ಕೇಳುವುದು ಅಮೆರಿಕದಲ್ಲಿ ತಪ್ಪಲ್ಲ, ಬ್ರಿಟನ್ನಿನಲ್ಲಿ ಕಾನೂನಿನ ಪ್ರಕಾರ ತಪ್ಪು. ಬೇರೆ ದೇಶಕ್ಕೆ ಹೋಗುವ ಸ್ಪಾಟರ್ ಈ ಮಾತು ಕೇಳುವ ರೇಡಿಯೊ ಸ್ಕ್ಯಾನರ್ ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ವಿಮಾನ ಎಲ್ಲಿದೆ ಎಂದು ಈಗ ಫೋನಿನಲ್ಲೇ ಫ್ಲೈಟ್‌ರಾಡಾರ್24 ಎಂಬ ಆ್ಯಪ್ ತೋರಿಸುತ್ತದೆ.

ಲಾಭ ಬರೀ ಭದ್ರತೆಯದ್ದೇ ಅಲ್ಲ. 2024ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಜಪಾನಿಗೆ ಹೊರಟ ಯುನೈಟೆಡ್ ಕಂಪನಿಯ ಬೋಯಿಂಗ್ 777 ಮೇಲೇರುವಾಗ ಒಂದು ಚಕ್ರ ಕಳಚಿ ಕೆಳಗಿನ ಪಾರ್ಕಿಂಗ್‌ನಲ್ಲಿದ್ದ ಕಾರುಗಳ ಮೇಲೆ ಬಿತ್ತು. ಆ ಕ್ಷಣ ಸ್ಪಾಟರ್ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಸಿಕ್ಕಿತ್ತು. ವಿಮಾನ ಲಾಸ್ ಏಂಜಲೀಸ್‌ನಲ್ಲಿ ಸುರಕ್ಷಿತವಾಗಿ ಇಳಿಯಿತು. ಇಂಥ ಸಮಯದಲ್ಲಿ ಬೇಲಿ ಹೊರಗಿನವನಿಗೆ ಯಾರಿಗೆ ಫೋನ್ ಮಾಡಬೇಕು ಎಂದು ಗೊತ್ತಿದ್ದರೆ, ಕಂಡದ್ದು ಕೆಲವೇ ನಿಮಿಷದಲ್ಲಿ ಟವರ್‌ಗೆ ತಲುಪಬಹುದು. ಗೊತ್ತಿಲ್ಲದಿದ್ದರೆ ಅದು ಮೊದಲು ಯೂಟ್ಯೂಬ್‌ಗೆ ಹೋಗುತ್ತದೆ.

ಇಂಥ ಏರ್ಪಾಡು ಬಿದ್ದುಹೋಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ವರ್ಗಾವಣೆ. ಸ್ಪಾಟರ್‌ಗಳನ್ನು ಹೆಸರು ಹಿಡಿದು ಕರೆಯುತ್ತಿದ್ದ ಅಧಿಕಾರಿ ಬೇರೆ ಕಡೆಗೆ ಹೋದ ಮೇಲೆ ಹೊಸಬರಿಗೆ ಎಲ್ಲರೂ ಅಪರಿಚಿತರು, ಎಲ್ಲ ಮೊದಲಿನಿಂದ ಶುರು. ಹೋಗುವವರು ಬರುವವರನ್ನು ಒಂದು ಸಂಜೆ ಬೇಲಿ ಪಕ್ಕ ಕರೆದುಕೊಂಡು ಬಂದು ಪರಿಚಯ ಮಾಡಿಸಿದರೆ ಮುಗಿಯುವ ಕೆಲಸ ಇದು. ಎರಡನೆಯದು, ಉತ್ತರ ಕೊಡದಿರುವುದು. ಸ್ಪಾಟರ್ ಫೋನ್ ಮಾಡಿ ಹೇಳುತ್ತಾನೆ, ಆ ಕಡೆಯಿಂದ 'ಸರಿ' ಎಂಬ ಮಾತು ಬಿಟ್ಟು ಬೇರೇನೂ ಇಲ್ಲ. ತನಿಖೆಯ ಗುಟ್ಟು ಹೇಳಬೇಕಾಗಿಲ್ಲ. 'ನೋಡಿದೆವು, ಅವರು ಬೇಲಿ ರಿಪೇರಿಯವರು, ಹೇಳಿದ್ದು ಒಳ್ಳೆಯದಾಯಿತು' ಎಂಬ ಒಂದು ಮೆಸೇಜ್ ಸಾಕು. ಅದೂ ಬರದಿದ್ದರೆ ಅವನು ಹೇಳುವುದನ್ನು ನಿಲ್ಲಿಸುತ್ತಾನೆ. ಮುಂದಿನ ಸಲ ಬೇಲಿಯಲ್ಲಿ ತೂತು ಕಂಡಾಗ ಅದರ ಫೋಟೋ ತೆಗೆದು ಗೆಳೆಯರ ಗ್ರೂಪಿಗೆ ಹಾಕುತ್ತಾನೆ. ಅಲ್ಲಿಂದ ಅದು ಯಾರ್ಯಾರ ಫೋನಿಗೆ ಹೋಗುತ್ತದೋ, ಪೊಲೀಸರಿಗೆ ತಲುಪುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತದೆ.